ವಿಮಾನ ತಡವಾಗಲಿ, ಮಕ್ಕಳು ಮನೆ ಸೇರಲಿ

ನಾವಿರುವುದು ತುರುವನೂರಿನಲ್ಲಾದರೂ ದುಬೈಯಿಂದ ಬರುವ ತಮ್ಮ ಇಳಿಯುವುದು ಬಜ್ಪೆಯಲ್ಲೇ. ಕಳೆದ ಮಳೆಗಾಲದಲ್ಲಿ ಅವನ ವಿಮಾನ ಅಲ್ಲಿ ಇಳಿಯದೆ ಬೆಂಗಳೂರಿಗೆ ಹೋಯಿತು. ಮನೆಯವರೆಲ್ಲ ಪೈಲಟ್‌ಗೆ ಬೈದದ್ದೇ ಬೈದದ್ದು. ಉಮ್ಮ ಮಾತ್ರ, "ಬೈಬೇಡಿ, ಜೀವ ಇದ್ರೆ ನಾಳೆ ಬರ್ತಾನೆ" ಅಂದರು.

ಉಮ್ಮ ಹೇಳಿದ್ದೇ ಸರಿ. ಇಳಿಯಲು ಕಷ್ಟದ ನಿಲ್ದಾಣ ಯಾವುದೆಂದರೆ ಪೈಲಟ್‌ಗಳು ನೇಪಾಳದ ಲುಕ್ಲಾ, ಭೂತಾನಿನ ಪಾರೋ ಎನ್ನುತ್ತಾರೆ. ನಮ್ಮ ಬಜ್ಪೆಯೂ ಸುಲಭದ್ದಲ್ಲ. ಗುಡ್ಡದ ನೆತ್ತಿಯಲ್ಲಿ 2,450 ಮೀಟರ್ ರನ್‌ವೇ, ಅದರಾಚೆ ಕಮರಿ. 2010ರ ಮೇ 22ರಂದು ದುಬೈ ವಿಮಾನ ನೆಲ ಮುಟ್ಟುವಾಗಲೇ ಅರ್ಧಕ್ಕಿಂತ ಹೆಚ್ಚು ರನ್‌ವೇ ಹಿಂದೆ ಉಳಿದಿತ್ತು. ಮತ್ತೆ ಮೇಲೇರಲು ಸಹಪೈಲಟ್ ಹೇಳಿದ್ದರೂ ಕ್ಯಾಪ್ಟನ್ ಇಳಿಸಿಯೇಬಿಟ್ಟರು. 158 ಮಂದಿ ತೀರಿಕೊಂಡರು, ಬದುಕಿದವರು 8 ಜನ. 2020ರ ಆಗಸ್ಟ್ 7ರಂದು ಇಂಥದ್ದೇ ಗುಡ್ಡದ ಮೇಲಿನ ಕೋಝಿಕ್ಕೋಡ್ ರನ್‌ವೇಯಲ್ಲಿ ಮಳೆಯ ನಡುವೆ ಇನ್ನೊಂದು ದುಬೈ ವಿಮಾನ ಜಾರಿ 21 ಮಂದಿ ಹೋದರು.

ಇಳಿಯದೆ ಮತ್ತೆ ಮೇಲೇರುವುದು ಪೈಲಟ್‌ನ ಸೋಲಲ್ಲ, ಜವಾಬ್ದಾರಿ. ಮುಂದಿನ ಸಲ ವಿಮಾನ ಬೇರೆ ಊರಿಗೆ ತಿರುಗಿದರೆ ಕೌಂಟರ್ ಎದುರು ಜಗಳಕ್ಕೆ ನಿಲ್ಲಬೇಡಿ. ಊಟ, ವಸತಿ ಕೇಳಿ. ಆದರೆ "ಯಾಕೆ ಇಳಿಸಲಿಲ್ಲ?" ಎಂದು ಮಾತ್ರ ಕೇಳಬೇಡಿ.