ಆ ಒಳಕೋಣೆ ಖಾಲಿ ಇತ್ತು

ಜೆರುಸಲೇಮಿನ ಹಳೇ ದೇವಾಲಯದ ನಕ್ಷೆ ನೋಡ್ತಾ ಕೂತಿದ್ದೆ. ಹೆರೋದ ರಾಜ ಹಿಗ್ಗಿಸಿ ಕಟ್ಟಿಸಿದ್ದು, ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದ್ದು. ಗೆಳೆಯರೇ, ಅಂಥ ನಕ್ಷೆ ಓದೋದನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎಲ್ಲಕ್ಕಿಂತ ಹೊರಗೆ ಅನ್ಯಜನರ ಅಂಗಳ. ಒಳಗೆ ಹೆಂಗಸರದ್ದು, ಆಮೇಲೆ ಇಸ್ರೇಲಿ ಗಂಡಸರದ್ದು, ಆಮೇಲೆ ಪುರೋಹಿತರದ್ದು, ಬಲಿಪೀಠ ಅಲ್ಲೇ. ಅದನ್ನೂ ದಾಟಿದರೆ ಏಳು ಕವಲಿನ ದೀಪಸ್ತಂಭ, ರೊಟ್ಟಿಯ ಮೇಜು, ಧೂಪಪೀಠ ಇದ್ದ ಕೋಣೆ. ಪರದೆಯ ಆಚೆ ಅತಿಪವಿತ್ರ ಸ್ಥಳ: ಮಹಾಪುರೋಹಿತ ಒಬ್ಬನೇ, ವರ್ಷಕ್ಕೆ ಒಂದೇ ದಿನ.

ಅನ್ಯರ ಅಂಗಳ ಮುಗಿಯೋ ಕಡೆ ಒಂದು ಕಲ್ಲಿನ ಅಡ್ಡಗೋಡೆ. ಅಲ್ಲಿ ಗ್ರೀಕ್ ಭಾಷೆಯಲ್ಲಿ ಎಚ್ಚರಿಕೆ: ಹೊರಗಿನವನು ದಾಟಿ ಸಿಕ್ಕಿಬಿದ್ದರೆ ಅವನ ಸಾವಿಗೆ ಅವನೇ ಹೊಣೆ. ಕಟ್ಟುಕಥೆಯಲ್ಲ, ಆ ಕಲ್ಲು 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಕೊಂದವನಲ್ಲ, ಸತ್ತವನೇ ತಪ್ಪಿತಸ್ಥ! ಈ ಮಾತು ಎಲ್ಲೋ ಕೇಳಿದಂಗಿದೆ ಅಲ್ವಾ?

ಇದು ಜಾತಿನೇ ಅಂತ ನಾನು ಹೇಳಲ್ಲ. ಅಲ್ಲಿನ ಮೈಲಿಗೆ ಸಾಮಾನ್ಯವಾಗಿ ಸ್ನಾನ ಮಾಡಿ, ದಿನ ಕಳೆದರೆ ಹೋಗ್ತಿತ್ತು. ನಮಗೆ ಅಂಟಿಸಿದ್ದು ಹುಟ್ಟಿನಿಂದ ಸಾವಿನವರೆಗೆ. ಆದರೆ ಪುರೋಹಿತಿಕೆ ಅಲ್ಲೂ ಹುಟ್ಟಿನಿಂದಲೇ, ಆರೋನನ ವಂಶಕ್ಕೇ. ಆ ವಂಶದವನಾದರೂ ಕಣ್ಣು ಕಾಣದಿದ್ದರೆ, ಕಾಲು ಊನವಾಗಿದ್ದರೆ ಬಲಿಪೀಠದ ಹತ್ತಿರ ಹೋಗುವಂತಿರಲಿಲ್ಲ.

ಹೆರೋದನಿಗೂ ಮುಂಚೆ, ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ನಗರ ಗೆದ್ದು ಸೀದಾ ಆ ಒಳಕೋಣೆಗೇ ನುಗ್ಗಿದ. ವಿಗ್ರಹ ಇರಲಿಲ್ಲ. ಮಂಜೂಷವೂ ಇರಲಿಲ್ಲ, ಬಾಬಿಲೋನಿನವರು ಸೊಲೊಮೋನನ ಗುಡಿ ಸುಟ್ಟ ಮೇಲೆ ಅದರ ಸುಳಿವೇ ಇಲ್ಲ. ವಿಗ್ರಹವಿಲ್ಲದ ದೇವರು ಅನ್ನೋದು ನನಗೆ ಹಿಡಿಸುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದರೆ ಆ ಖಾಲಿ ಜಾಗಕ್ಕೂ ಇಷ್ಟು ಗೋಡೆ, ಇಷ್ಟು ಕಾವಲು ಯಾಕೆ ಬೇಕಿತ್ತು?