ಹೊಟ್ಟೆ ಕೆಟ್ಟವರಿಗೆ "ಎಲ್ಲಾ ನಿನ್ನ ಭ್ರಮೆ" ಅನ್ನಬೇಡಿ!

ಹೆದರಿಕೆಯಾದಾಗ 'ಹೊಟ್ಟೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಯ್ತು' ಅನ್ನುವ ಭಾಷೆ ನಮ್ಮದು. ಆದರೂ ಇಂಟರ್‌ವ್ಯೂ ದಿನ ಬೆಳಗ್ಗೆ ಯಾರಾದರೂ ಮೂರು ಸಲ ಟಾಯ್ಲೆಟ್ಟಿಗೆ ಓಡಿದರೆ, "ಎಲ್ಲಾ ನಿನ್ನ ಭ್ರಮೆ ಕಣೋ, ಟೆನ್ಶನ್ ಮಾಡ್ಕೋಬೇಡ" ಅಂದು ಕೈತೊಳೆದುಕೊಳ್ಳುತ್ತೇವೆ. ನಮ್ಮ ಆಫೀಸಿನಲ್ಲಿ ರಿಲೀಸ್ ಹತ್ತಿರ ಬಂದಾಗಲೆಲ್ಲ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಭ್ರಮೆ ಅಲ್ಲ ಸ್ವಾಮಿ, ಅದು ಕೆಮಿಸ್ಟ್ರಿ!

ಅಮೆರಿಕದ ವಾಲ್ಟರ್ ಕ್ಯಾನನ್ 1898ರಷ್ಟು ಹಿಂದೆಯೇ ಬೆಕ್ಕಿನ ಜಠರದ ಚಲನೆಯನ್ನು ಎಕ್ಸ್-ರೇಯಲ್ಲಿ ನೋಡಿ ಬರೆದಿದ್ದ. ಬೆಕ್ಕು ಸಿಟ್ಟಾದರೆ, ಗಾಬರಿಯಾದರೆ, ಜಠರದ ಅಲೆ ಅಲ್ಲಿಗೇ ನಿಂತುಬಿಡುತ್ತಿತ್ತು. ಸಮಾಧಾನವಾದ ಮೇಲೆ ಮತ್ತೆ ಶುರು. ಬೆಕ್ಕಿಗೂ "ನಾಟಕ ಆಡಬೇಡ" ಅನ್ನೋಣವೇ?

ಈ ಸಂದೇಶ ಒಯ್ಯುವವರು ಯಾರು? ಮುಖ್ಯವಾದ ಒಬ್ಬ ಸಿಕ್ಕಿದ್ದು 1981ರಲ್ಲಿ. ವೈಲಿ ವೇಲ್ ಮತ್ತು ಸಂಗಡಿಗರು ಕುರಿಯ ಮೆದುಳಿನಿಂದ ಸಿ.ಆರ್.ಎಫ್. ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಒತ್ತಡ ಬಂದಾಗ ಮೆದುಳು ಇದನ್ನು ಬಿಡುತ್ತದೆ. ಇದನ್ನೇ ಇಲಿಗಳ ಮೆದುಳಿಗೆ ಕೊಟ್ಟು ನೋಡಿದಾಗ ಜಠರ ಖಾಲಿಯಾಗುವುದು ನಿಧಾನವಾಯಿತು, ದೊಡ್ಡ ಕರುಳು ಮಾತ್ರ ಅವಸರ ಮಾಡಿತು! ಅಂದರೆ ತಿಂದದ್ದು ಮೇಲೆ ಕಲ್ಲಿನಂತೆ ಕೂತಿರುತ್ತದೆ, ಕೆಳಗೆ ಓಟ. ಇಂಟರ್‌ವ್ಯೂ ದಿನದ ಕಥೆ ಇದೇ ಅಲ್ಲವೇ?

ಹಾಗಂತ ಮೆದುಳೇ ಸರ್ವಾಧಿಕಾರಿಯೂ ಅಲ್ಲ. ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ತೋರಿಸಿದಂತೆ, ಹೊರಗಿನ ನರಗಳನ್ನು ಕತ್ತರಿಸಿದರೂ ಕರುಳು ಆಹಾರವನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಅದಕ್ಕೆ ತನ್ನದೇ ನರಜಾಲವಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರೋಗ್ರಾಂ ಓಡುವುದು ಕರುಳಿನಲ್ಲೇ, ಮೆದುಳು ಸೆಟ್ಟಿಂಗ್ ಬದಲಾಯಿಸುತ್ತದೆ ಅಷ್ಟೇ. ವೇಗಸ್ ನರದ ಎಳೆಗಳಲ್ಲಿ ಹೆಚ್ಚಿನವು ಹೊಟ್ಟೆಯ ಸುದ್ದಿಯನ್ನು ಮೆದುಳಿಗೆ ಒಯ್ಯುವಂಥವು. ಹಾಗಾಗಿ ಹೊಟ್ಟೆ ಕೆಟ್ಟರೆ ಮನಸ್ಸೂ ಕೆಡಬಹುದು.

ಇದೆಲ್ಲ ಯಾಕೆ ಹೇಳಿದೆ ಅಂದರೆ, "ಭ್ರಮೆ" ಅನ್ನುವ ಆ ಒಂದು ಪದ ಜನರನ್ನು ಚಿಕಿತ್ಸೆಯಿಂದಲೇ ದೂರ ಇಡುತ್ತದೆ. ಐ.ಬಿ.ಎಸ್. ಇರುವವರಿಗೆ ಸಾಮಾನ್ಯ ಟೆಸ್ಟುಗಳಲ್ಲಿ ಏನೂ ಕಾಣುವುದಿಲ್ಲ, ನೋವು ಮಾತ್ರ ನಿಜ. ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಖಿನ್ನತೆಯ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಇಂಥವರಿಗೆ ಅನುಕೂಲ ಎಂದು ಇಂಗ್ಲೆಂಡಿನಲ್ಲಿ 463 ಜನರ ಮೇಲೆ ನಡೆದ ಅಧ್ಯಯನ 2023ರಲ್ಲಿ ತೋರಿಸಿತು. ಡಾಕ್ಟರು ಅದನ್ನು ಬರೆದುಕೊಟ್ಟರೆ "ನನಗೇನು ಹುಚ್ಚೇ?" ಅಂತ ಚೀಟಿ ಹರಿಯುವವರಿದ್ದಾರೆ. ಆ ಅವಮಾನ ಕಲಿಸಿದವರು ನಾವೇ.

ಮಲದಲ್ಲಿ ರಕ್ತ ಬಂದರೆ, ತೂಕ ತಾನಾಗಿ ಇಳಿದರೆ "ಟೆನ್ಶನ್" ಅಂತ ಸುಮ್ಮನೆ ಕೂರದೆ ಮೊದಲು ಡಾಕ್ಟರನ್ನು ನೋಡಿ. ಮಾತ್ರೆಯನ್ನೂ ಅವರನ್ನು ಕೇಳಿಯೇ ನುಂಗಿ.

ಮನಸ್ಸಿನಿಂದ ಶುರುವಾದ ನೋವೂ ನೋವೇ. ಪಕ್ಕದ ಸೀಟಿನವರು ಹೊಟ್ಟೆ ಹಿಡಿದುಕೊಂಡರೆ ಉಪದೇಶ ಬೇಡ, ಒಂದು ದಿನ ರಜೆ ಕೊಡಿಸಿ. ಏನಂತೀರಿ?