ಸರ್ಕಾರಿ ಕೆಲಸಕ್ಕೆ ಹೊರದೇಶ: ಮಗುವಿನ ವಾಸ ಎಲ್ಲಿ?

ಅಮೆರಿಕದ ಸೈನಿಕನೊಬ್ಬ ಸರ್ಕಾರದ ಆದೇಶದ ಮೇಲೆ ಜರ್ಮನಿಯ ಸೇನಾ ನೆಲೆಯಲ್ಲಿದ್ದಾನೆ ಎನ್ನೋಣ. ಜತೆಗೆ ಹೆಂಡತಿ, ಮಗು. ಆ ಮಗುವಿನ ವಾಸ ಎಲ್ಲಿ, ಅಮೆರಿಕದಲ್ಲೋ ಜರ್ಮನಿಯಲ್ಲೋ? ವಾಸ್ತವ್ಯ ಪ್ರಮಾಣಪತ್ರಕ್ಕಾಗಿ ತಾಲೂಕು ಕಚೇರಿಗೆ ಅಲೆದ ಗಡಿನಾಡಿನವರಿಗೆ ಇಂಥ ಪ್ರಶ್ನೆ ಹೊಸದಲ್ಲ. ಅಲ್ಲಿ ಅದು ಪೌರತ್ವಕ್ಕೇ ತಗಲಿಕೊಂಡಿತು.

ಅಮೆರಿಕದ ಕಾನೂನಿನಂತೆ, ವಿದೇಶದಲ್ಲಿ ಹುಟ್ಟಿ ಗ್ರೀನ್ ಕಾರ್ಡ್ ಪಡೆದ ಮಗು 18 ತುಂಬುವ ಮೊದಲು ಪೌರ ತಂದೆ ಅಥವಾ ತಾಯಿಯ ಸುಪರ್ದಿಯಲ್ಲಿ ಆ ದೇಶದಲ್ಲಿ ವಾಸವಿದ್ದರೆ ಪೌರತ್ವ ತಾನಾಗಿ ಬರುತ್ತದೆ. ಸರ್ಕಾರಿ ಕೆಲಸದ ಮೇಲೆ ಹೊರಗಿರುವವರ ಮಕ್ಕಳನ್ನೂ ದೇಶದೊಳಗೆ ಇದ್ದವರೆಂದೇ ಎಣಿಸಲಾಗುತ್ತಿತ್ತು. 2019ರ ಆಗಸ್ಟ್ 28ರಂದು ವಲಸೆ ಇಲಾಖೆ ಈ ಪದ್ಧತಿ ಕೈಬಿಡುವುದಾಗಿ ಪ್ರಕಟಿಸಿತು. ಅಕ್ಟೋಬರ್ 29ರಿಂದ ಅದು ಜಾರಿಗೆ ಬಂತು.

ಸೈನಿಕರ ಮಕ್ಕಳೆಲ್ಲರ ಪೌರತ್ವ ಹೋಯಿತೆಂಬ ಗುಲ್ಲು ಮೊದಲ ದಿನವೇ ಎದ್ದಿತು. ಅದು ನಿಜವಲ್ಲ. ಹುಟ್ಟಿನಿಂದಲೇ ಪೌರರಾದವರಿಗೆ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ದತ್ತು ಮಕ್ಕಳಿಗೆ, ಮತ್ತು ಮಗು ಹುಟ್ಟಿದ ಮೇಲೆ ಪೌರತ್ವ ಪಡೆದ ತಂದೆತಾಯಿಯ ಮಕ್ಕಳಿಗೆ. ಸಂಖ್ಯೆ ಚಿಕ್ಕದು, ಸರಿ. ಆದರೆ ಅಂಥ ಮನೆಯವರು ಪ್ರತ್ಯೇಕ ಅರ್ಜಿ ಹಾಕಿ, ಮಗುವಿಗೆ 18 ತುಂಬುವುದರೊಳಗೆ ಎಲ್ಲವನ್ನೂ ಮುಗಿಸಬೇಕಾಯಿತು. ಅರ್ಜಿ ಹಾಕಿದರಷ್ಟೇ ಸಾಲದು, ತೀರ್ಮಾನವೂ ಅಷ್ಟರೊಳಗೆ ಆಗಬೇಕು. ಕಚೇರಿಯ ವಿಳಂಬಕ್ಕೆ ಮಗು ದಂಡ ತೆರುವ ಏರ್ಪಾಡಿದು. ದೂರದೇಶಕ್ಕೆ ಕಳಿಸಿದ ಸರ್ಕಾರವೇ ‘ನೀವು ಇಲ್ಲಿರಲಿಲ್ಲ’ ಎಂದರೆ ನೌಕರ ಯಾರನ್ನು ಕೇಳಬೇಕು?

ಕೊನೆಗೆ ಅಲ್ಲಿನ ಸಂಸತ್ತು 2020ರ ಮಾರ್ಚ್‌ನಲ್ಲಿ ಕಾನೂನನ್ನೇ ತಿದ್ದಿತು. ಸೈನಿಕರು, ಸರ್ಕಾರಿ ನೌಕರರು ಇಬ್ಬರ ಮಕ್ಕಳಿಗೂ ಹಿಂದಿನ ಸೌಲಭ್ಯ ಮರಳಿತು. ಗ್ರೀನ್ ಕಾರ್ಡ್ ಷರತ್ತು ಮಾತ್ರ ಉಳಿದಿದೆ.

ನಮ್ಮ ಕಡೆಯಿಂದ ಹೋಗಿ ಗ್ರೀನ್ ಕಾರ್ಡ್ ಪಡೆದವರು ಗಮನಿಸಬೇಕಾದ್ದು ಇನ್ನೊಂದಿದೆ. ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷದ ಸತತ ವಾಸ ಬೇಕು. ಒಂದು ವರ್ಷ ಹೊರಗಿದ್ದರೆ ಅದು ಮುರಿಯುತ್ತದೆ. ಅಮೆರಿಕ ಸರ್ಕಾರದ ಕೆಲಸದ ಮೇಲೆ ಹೊರಗೆ ಹೋಗುವವರು ಎನ್-470 ಎಂಬ ಅರ್ಜಿಯಿಂದ ಅದನ್ನು ಕಾಯ್ದುಕೊಳ್ಳಬಹುದು. ಆದರೆ ಮೊದಲು ಕನಿಷ್ಠ ಒಂದು ವರ್ಷ ಬಿಡದೆ ಅಲ್ಲೇ ಇದ್ದಿರಬೇಕು.

ಭಾರತದ 1955ರ ಪೌರತ್ವ ಕಾಯ್ದೆ ಈ ವಿಷಯದಲ್ಲಿ ಉದಾರವಾಗಿದೆ. ದೇಶೀಕರಣಕ್ಕೆ ಅರ್ಜಿ ಹಾಕುವ ವಿದೇಶಿಯ ವಾಸ ಲೆಕ್ಕ ಹಾಕುವಾಗ ಭಾರತದ ಸರ್ಕಾರದ ಸೇವೆಯಲ್ಲಿದ್ದ ಕಾಲವನ್ನೂ ವಾಸಕ್ಕೆ ಸಮನಾಗಿ ಹಿಡಿಯಬಹುದೆಂದು ಅದರ ಮೂರನೆಯ ಅನುಸೂಚಿಯಲ್ಲೇ ಬರೆದಿದೆ. ಅಧಿಕಾರಿ ಬದಲಾದರೂ ಆ ಸಾಲು ಬದಲಾಗದು. ಅದಕ್ಕೆ ಸಂಸತ್ತೇ ಬೇಕು.